ಬಳಚಿನ ನೀರು ಚೆಲ್ಲಬೇಡಿ

ಏಪ್ರಿಲ್‌ನಲ್ಲಿ ತವರಿಗೆ ಹೋಗಿ ಕುಮಟಾದಿಂದ ಧಾರವಾಡಕ್ಕೆ ಮರಳುವಾಗ ನನ್ನ ಕಾಲಬುಡದಲ್ಲಿ ಒಂದು ಒದ್ದೆ ಗೋಣಿಚೀಲ ಇದ್ದೇ ಇರುತ್ತದೆ. ಒಂದು ವರ್ಷ ಕಂಡಕ್ಟರ್ ಅದನ್ನು ಬೂಟಿನ ತುದಿಯಿಂದ ಮುಟ್ಟಿ, "ಏನೈತ್ರಿ ಅಕ್ಕಾರ ಇದರಾಗ? ನೀರು ಸೋರಾಕತ್ತೈತಿ" ಅಂದ. "ಕಲ್ಲು" ಅಂದೆ. ನಂಬಿಬಿಟ್ಟ, ಪಾಪ. ಮುಟ್ಟಿದ್ದಕ್ಕೆ ಕಲ್ಲಿನ ಸದ್ದೇ ಬಂದಿತ್ತಲ್ಲ! ಚೀಲದಲ್ಲಿದ್ದದ್ದು ಮುನ್ನೂರು ಬಳಚು. ಮುನ್ನೂರಕ್ಕೂ ಜೀವ ಇತ್ತು.

ಬಳಚು ಅಂದರೆ ಘಟ್ಟದ ಮೇಲಿನವರಿಗೆ ಗೊತ್ತಾಗುವುದಿಲ್ಲ. ಕಪ್ಪೆಚಿಪ್ಪು ಅಂದರೆ ಗೊತ್ತಾಗುತ್ತದೆ, ಆದರೆ ಅದನ್ನು ತಿನ್ನುತ್ತಾರೆ ಎಂದ ಕೂಡಲೇ ಮುಖ ಹುಳ್ಳಗಾಗುತ್ತದೆ. ಮಂಗಳೂರು ಕಡೆ ಇದನ್ನೇ ಮರುವಾಯಿ ಅನ್ನುತ್ತಾರೆ, ಕೊಂಕಣಿಯವರು ತಿಸ್ರ್ಯೊ ಅನ್ನುತ್ತಾರೆ. ಬಂಡೆಗೆ ಅಂಟಿಕೊಂಡು ಬೆಳೆಯುವ ಕಲ್ಗ, ನೀಲಿಕಲ್ಲು ಇವೆಲ್ಲ ಬೇರೆ. ಬಳಚು ಹೊಳೆಯ ಕೆಸರಿನಲ್ಲಿ, ಮರಳಿನಲ್ಲಿ ಹೂತುಕೊಂಡು ಬದುಕುತ್ತದೆ. ನನ್ನ ತವರಿನ ಹೊಳೆ ಅಘನಾಶಿನಿ. ಶಿರಸಿಯ ಕಡೆ ಹುಟ್ಟಿ, ಒಂದೂ ಅಣೆಕಟ್ಟಿಗೆ ಸಿಕ್ಕದೆ ಘಟ್ಟ ಇಳಿದು, ತದಡಿಯ ಹತ್ತಿರ ಸಮುದ್ರ ಸೇರುತ್ತದೆ. ಸಿಹಿನೀರಿಗೆ ಉಪ್ಪುನೀರು ಬೆರೆಯುವ ಆ ಅಳಿವೆಯೇ ಬಳಚಿನ ತವರೂ ಹೌದು. ಇಳಿತದ ಹೊತ್ತಿಗೆ ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಕಾಲಲ್ಲೇ ತಡವಿ, ಮುಳುಗಿ ತೆಗೆಯುವ ಹೆಂಗಸರನ್ನು ನೋಡುತ್ತಲೇ ನಾನು ದೊಡ್ಡವಳಾದೆ. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಸುದ್ದಿ ಹೇಳಲು ಫೋನ್ ಮಾಡಿದರೆ ನಮ್ಮ ಚಿಕ್ಕಿ ಕೇಳಿದ್ದು ಒಂದೇ ಮಾತು: "ಹಂಗಾರೆ ಬಳಚಿನ ದರ ಏರ್ತದಾ?"

ಜೂನ್ ಹತ್ತಿರವಾದಂತೆ ನಮ್ಮಂಥವರಿಗೆ ಜೀವ ಚಡಪಡಿಸುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಹೊಳೆಗೆ ಕೆಂಪು ನೆರೆ ನುಗ್ಗಿದ ಮೇಲೆ ಬಳಚಿನ ಆಸೆಯನ್ನೂ ಬಿಡಬೇಕು. ಆಯಿಯ ಕಾಲದಲ್ಲಿ ಇದಕ್ಕೆ ಒಣ ಸಿಗಡಿ, ಒಣ ಮೀನು ಉತ್ತರವಾಗಿದ್ದವು. 1993ರಲ್ಲಿ ನಮ್ಮ ಮನೆಗೆ ಫ್ರಿಜ್ ಬಂತು. ಮೇಲೆ ಪುಟ್ಟ ಫ್ರೀಜರಿನ ಗೂಡು ಇರುವ ಒಂದೇ ಬಾಗಿಲಿನದು. ಹೈಸ್ಕೂಲಿನಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು ನಾನು, ಬಳಚು ಕಾಪಿಡುವುದು ಏನು ಮಹಾ ಅಂದುಕೊಂಡೆ. ಚೀಲದಿಂದ ತೆಗೆದವಳೇ ಚಿಪ್ಪಿನ ಸಮೇತ ಪ್ಲಾಸ್ಟಿಕ್ ಕೊಟ್ಟೆಗೆ ತುಂಬಿ, ಗಂಟು ಹಾಕಿ, ಗೂಡಿಗೆ ತುರುಕಿದೆ.

ಜುಲೈನಲ್ಲಿ ಒಂದು ಭಾನುವಾರ ಹೊರತೆಗೆದೆ. ಕರಗುತ್ತ ಬಂದಂತೆ ಎಲ್ಲ ಚಿಪ್ಪುಗಳೂ ಬಾಯಿ ಬಿಟ್ಟುಕೊಂಡವು. ತಟ್ಟೆಯಲ್ಲಿ ಬೂದು ಬಣ್ಣದ ನೀರು ನಿಂತಿತು. ಮಾಂಸ ರಬ್ಬರಿನ ಹಾಗೆ. ಅದೂ ಹೋಗಲಿ, ಒಂದು ವಾಸನೆ ಇತ್ತು. ಕೊಳೆತ ವಾಸನೆ ಎಂದು ಖಾತ್ರಿಯಾಗಿ ಹೇಳುವಂತಿಲ್ಲ, ಅಲ್ಲವೆಂದೂ ಹೇಳುವಂತಿಲ್ಲ. ಯಾವುದೋ ನಾಲ್ಕೈದು ಬಳಚು ಬಸ್ಸಿನಲ್ಲೇ ಸತ್ತಿದ್ದಿರಬೇಕು. ಯಾವುದು? ಮುನ್ನೂರೂ ಬಾಯಿ ತೆರೆದು ಕೂತಿರುವಾಗ ಹುಡುಕುವುದು ಹೇಗೆ? ಅಷ್ಟನ್ನೂ ಹಿತ್ತಲ ತೆಂಗಿನ ಬುಡಕ್ಕೆ ಹಾಕಿದೆ.

ಚಿಕ್ಕಿಗೆ ಹೇಳಿದಾಗ ಅವಳು ನಗಲಿಲ್ಲ, ಬೈದಳು. "ಬದ್ಕಿದ್ದು ಸತ್ತದ್ದು ನೋಡೂದು ಹೊರಗಿದ್ದಾಗ, ತಂಗಿ. ಬರ್ಫ್ ಆದ್ಮೇಲೆ ಎಲ್ಲಾ ಒಂದೇ."

ಆ ಮಾತಿನೊಳಗೆ ಒಂದು ಇಡೀ ಪಾಠ ಇದೆ. ಮೀನನ್ನು ನಾವು ಕೊಳ್ಳುವುದೇ ಸತ್ತ ಮೇಲೆ. ಕಣ್ಣು, ಕಿವಿರು ನೋಡಿ ಎಷ್ಟು ಹೊತ್ತಿನ ಹಿಂದೆ ಸತ್ತದ್ದು ಎಂದು ಅಂದಾಜು ಮಾಡುತ್ತೇವೆ. ಹೊಟ್ಟೆ ಬಗೆದು ಕರುಳು ಬಿಸಾಕುತ್ತೇವೆ. ಬಳಚಿನಲ್ಲಿ ಹಾಗಲ್ಲ. ಅದನ್ನು ಕರುಳಿನ ಸಮೇತ ತಿನ್ನುತ್ತೇವೆ. ಹೊಳೆಯ ನೀರನ್ನು ಒಳಗೆ ಎಳೆದುಕೊಂಡು, ಸೋಸಿ, ಅದರಲ್ಲಿರುವ ಕಣ್ಣಿಗೆ ಕಾಣದ ಪಾಚಿಯನ್ನು ತಿಂದು, ಉಳಿದ ನೀರನ್ನು ಹೊರಗೆ ಬಿಡುವುದೇ ಅದರ ಜೀವನ. ನೀರಿನ ಜತೆ ಬ್ಯಾಕ್ಟೀರಿಯಾವೂ ಒಳಗೆ ಸೇರಿಕೊಂಡಿರುತ್ತದೆ. ಜೀವ ಇರುವಷ್ಟು ಹೊತ್ತು ಅದು ಒಂದು ಹದದಲ್ಲಿರುತ್ತದೆ. ಸತ್ತಿತೋ, ಬೆಚ್ಚಗಿನ ಹವೆಯಲ್ಲಿ ಕೆಲವೇ ಗಂಟೆಗಳಲ್ಲಿ ಮಿತಿಮೀರಿ ಬೆಳೆಯುತ್ತದೆ. ಫ್ರೀಜರ್ ಆ ಬೆಳವಣಿಗೆಯನ್ನು ನಿಲ್ಲಿಸುತ್ತದೆ, ಆದರೆ ಈಗಾಗಲೇ ಬೆಳೆದದ್ದನ್ನೆಲ್ಲ ಕೊಲ್ಲುವುದಿಲ್ಲ. ಕರಗಿಸಿದಾಗ ಎದ್ದು ಕೂರುತ್ತದೆ.

ಹಾಗಾಗಿ ಕೆಲಸ ಶುರುವಾಗುವುದು ಹಿತ್ತಲ ಕಲ್ಲಿನ ಮೇಲೆ. ಚಿಕ್ಕಿ ಕುಕ್ಕರಗಾಲಿನಲ್ಲಿ ಕೂತು ಎರಡೂ ಕೈಯಲ್ಲಿ ಒಂದೊಂದು ಬಳಚು ಹಿಡಿದು ಒಂದಕ್ಕೊಂದು ತಟ್ಟುತ್ತಾಳೆ. ಎರಡೂ ಜೀವಂತವಿದ್ದರೆ ಗೋಲಿಗೆ ಗೋಲಿ ತಾಗಿದ ಹಾಗೆ ಗಟ್ಟಿ ಸದ್ದು. ಒಂದು ಸತ್ತಿದ್ದರೆ ಬೊದ್ ಅನ್ನುತ್ತದೆ, ಒಡೆದ ಮಡಕೆಯ ಹಾಗೆ. ಸ್ವಲ್ಪ ಬಾಯಿ ತೆರೆದದ್ದನ್ನು ಕೂಡಲೇ ಎಸೆಯುವುದಿಲ್ಲ. ಬೆರಳಲ್ಲಿ ಒಮ್ಮೆ ಕುಟ್ಟಿ ಕಾಯುತ್ತಾಳೆ. ನಿಧಾನವಾಗಿ, ಸಿಟ್ಟು ಬಂದವರ ಹಾಗೆ ಮುಚ್ಚಿಕೊಂಡರೆ ಪಾಸು. ಮುಚ್ಚದಿದ್ದರೆ ಹೊರಗೆ. ಇದಕ್ಕಿಂತ ಮೋಸದ್ದು ಇನ್ನೊಂದು ಇದೆ: ಬಾಯಿ ಬಿಗಿಯಾಗಿಯೇ ಇರುತ್ತದೆ, ಕೈಗೆ ಭಾರವೂ ಜಾಸ್ತಿ, ಒಳಗೆ ಮಾತ್ರ ಬರೀ ಕರಿ ಕೆಸರು. ಎಂದೋ ಸತ್ತ ಬಳಚಿನ ಖಾಲಿ ಚಿಪ್ಪಿಗೆ ಕೆಸರು ತುಂಬಿಕೊಂಡದ್ದು. ಅಂಥದ್ದೊಂದು ಪಾತ್ರೆಯಲ್ಲಿ ಬಾಯಿ ಬಿಟ್ಟರೆ ಇಡೀ ಅಡಿಗೆ ಹಾಳು. ಅದನ್ನು ಹಿಡಿಯಲು ಚಿಕ್ಕಿ ಎರಡು ಚಿಪ್ಪನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ಅಡ್ಡಕ್ಕೆ ಜಾರಿಸಿ ನೋಡುತ್ತಾಳೆ. ಜೀವವಿದ್ದದ್ದು ಜಗ್ಗುವುದಿಲ್ಲ, ಕೆಸರಿನದು ಜಾರುತ್ತದೆ. ಮುನ್ನೂರು ಬಳಚಿಗೆ ಅವಳಿಗೆ ಕಾಲು ಗಂಟೆ ಸಾಕು. ನನಗೆ ಈಗಲೂ ಒಂದು ಗಂಟೆ ಬೇಕು.

ಆಮೇಲೆ ಮರಳು ಕಕ್ಕಿಸಬೇಕು. ಪೇಟೆಯಲ್ಲಿ ಬಹಳ ಜನ ಇಲ್ಲಿ ಎಡವುತ್ತಾರೆ. ನಲ್ಲಿಯ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕುತ್ತಾರೆ. ಉಪ್ಪುನೀರಿನ ಜೀವಕ್ಕೆ ಸಿಹಿನೀರು ಸಾವು. ಐಸ್ ಮೇಲೆ ಸುರಿದು ತಂದರೂ ಅಷ್ಟೇ, ಐಸ್ ಕರಗಿದ ನೀರಿನಲ್ಲಿ ಕೂತು ಸಾಯುತ್ತದೆ. ಒಂದು ಲೀಟರ್ ನೀರಿಗೆ ಇಪ್ಪತ್ತೈದು ಮೂವತ್ತು ಗ್ರಾಂ ಹರಳುಪ್ಪು, ಅಂದರೆ ಊಟದ ಚಮಚದಲ್ಲಿ ಎರಡು. ನಾನು ಸಾಣಿಕಟ್ಟೆಯ ಉಪ್ಪು ಹಾಕುತ್ತೇನೆ. ಅದೇ ಅಳಿವೆಯ ನೀರಿನಿಂದ ಬಂದ ಉಪ್ಪು, ಬಳಚಿಗೆ ತವರಿನ ನೆನಪಾದರೂ ಆಗಲಿ ಎಂದು. ಅಗಲ ಪಾತ್ರೆ, ಒಂದರ ಮೇಲೊಂದು ಹೇರದೆ, ನೀರು ಮುಳುಗುವಷ್ಟೇ, ಮೂರು ನಾಲ್ಕು ಗಂಟೆ ಕತ್ತಲಲ್ಲಿ. ಆಗ ಹೋಗಿ ಮೆಲ್ಲನೆ ಇಣುಕಿದರೆ ಪುಟ್ಟ ಕೊಳವೆಗಳು ಹೊರಬಂದು ನೀರು ಉಗುಳುತ್ತಿರುತ್ತವೆ. ದೀಪ ಹಾಕಿದರೆ ಥಟ್ಟನೆ ಒಳಗೆ.

ಆ ದಿನವೇ ಬೇಯಿಸಲು ಆಗದಿದ್ದರೆ ನೀರಿನಿಂದ ತೆಗೆದು, ಒದ್ದೆ ಬಟ್ಟೆ ಮುಚ್ಚಿ, ಫ್ರಿಜ್ಜಿನ ಕೆಳಗಿನ ಭಾಗದಲ್ಲಿಡಿ. ಒಂದೆರಡು ದಿನ ಬದುಕಿರುತ್ತವೆ. ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿದರೆ ಉಸಿರುಗಟ್ಟುತ್ತದೆ. ನನ್ನ ಗೋಣಿಚೀಲದ ಗುಟ್ಟೂ ಇದೇ: ಒದ್ದೆ ಇರಬೇಕು, ತಂಪಿರಬೇಕು, ಗಾಳಿ ಆಡಬೇಕು.

ಇನ್ನು ಫ್ರೀಜರಿಗೆ ಹೋಗುವ ದಾರಿ. ದಪ್ಪ ತಳದ ಪಾತ್ರೆಗೆ ಅರ್ಧ ಲೋಟ ನೀರು ಹಾಕಿ, ಕುದಿ ಬಂದ ಮೇಲೆ ಬಳಚು ಸುರಿದು, ಮುಚ್ಚಳ ಮುಚ್ಚಬೇಕು. ಮೂರರಿಂದ ಐದು ನಿಮಿಷ. ಬಾಯಿ ತೆರೆದದ್ದೇ ಇಳಿಸಬೇಕು. ತೆರೆಯದೇ ಉಳಿದದ್ದನ್ನು ಬಲವಂತವಾಗಿ ಬಿಡಿಸಲು ಹೋಗದೆ ಎಸೆದುಬಿಡಿ. ಮುಚ್ಚಳ ತೆಗೆದಾಗ ಬರುವ ಆ ಹಬೆ! ಅಡಿಗೆಮನೆಯಲ್ಲಿ ಒಂದು ಕ್ಷಣ ಅಳಿವೆಯೇ ಬಂದು ನಿಂತ ಹಾಗಾಗುತ್ತದೆ. ಪಾತ್ರೆಯ ತಳದಲ್ಲಿ ಹಾಲು ಬೆರೆಸಿದ ಹಾಗೆ ಕಾಣುವ ನೀರು ನಿಂತಿರುತ್ತದೆ. ಹಾಕಿದ್ದು ಅರ್ಧ ಲೋಟ, ಸಿಗುವುದು ಅದರ ಎರಡು ಮೂರು ಪಟ್ಟು, ಉಳಿದದ್ದೆಲ್ಲ ಬಳಚೇ ಬಿಟ್ಟುಕೊಟ್ಟದ್ದು. ನನ್ನ ನೆರೆಮನೆಯ ಸೊಸೆ ಒಮ್ಮೆ ಇದನ್ನು ಕೊಳಕು ನೀರೆಂದು ಸಿಂಕಿಗೆ ಸುರಿದಳು. ನಾನು ಕೂಗಿಕೊಂಡದ್ದಕ್ಕೆ ಗಾಬರಿಯಾಗಿ ಪಾತ್ರೆಯನ್ನೂ ಬಿಟ್ಟಳು.

ಆ ನೀರೇ ಫ್ರೀಜರಿನಲ್ಲಿ ಬಳಚನ್ನು ಕಾಯುವುದು. ಹೇಗೆಂದರೆ, ಫ್ರೀಜರಿನ ಗಾಳಿ ತುಂಬ ಒಣಗಿದ ಗಾಳಿ. ಪದಾರ್ಥದ ಮೇಲ್ಮೈಯಲ್ಲಿರುವ ಮಂಜು ನೀರಾಗದೆ ನೇರವಾಗಿ ಆವಿಯಾಗಿ ಹೋಗುತ್ತಿರುತ್ತದೆ. ಮಂಜಾದ ಕೋಳಿ, ಮೀನಿನ ಮೇಲೆ ಬಿಳಿ ಬಿಳಿ ಒಣ ಮಚ್ಚೆ ಕಂಡಿರಬಹುದು, ಅದು ಇದೇ. ಬಳಚಿನ ಮಾಂಸವೋ ಉಗುರಿನಷ್ಟು ಚಿಕ್ಕದು, ಎಲ್ಲ ಕಡೆಯಿಂದಲೂ ಗಾಳಿಗೆ ತೆರೆದದ್ದು. ಅದೇ ನೀರಿನಲ್ಲಿ ಮುಳುಗಿಸಿ ಗಟ್ಟಿಮಾಡಿದರೆ ಒಣಗಾಳಿ ಮೊದಲು ಹೊರಗಿನ ಮಂಜನ್ನು ತಿನ್ನಬೇಕು, ಮಾಂಸದವರೆಗೆ ಬರಲು ತಿಂಗಳುಗಳೇ ಬೇಕು. ರುಚಿಯೂ ಎಲ್ಲಿಗೂ ಹೋಗುವುದಿಲ್ಲ, ಏಕೆಂದರೆ ಸೋರಿಹೋಗಬೇಕಾದದ್ದೆಲ್ಲ ಸುತ್ತಲೇ ಇದೆ.

ನೀರನ್ನು ಬಿಳಿ ಪಂಚೆಯ ತುಂಡಿನಲ್ಲಿ ಸೋಸಿ. ತಳದ ಕೊನೆಯ ಎರಡು ಚಮಚ ಮರಳಿನ ಪಾಲು, ಅದನ್ನು ಬಿಟ್ಟುಬಿಡಿ. ಚಿಪ್ಪಿನಿಂದ ಬಿಡಿಸಿದ ಮಾಂಸದ ಮೇಲೆ ಸುರಿದು, ಪೂರ್ತಿ ಆರಿದ ಮೇಲೆ ಡಬ್ಬಿಗೆ. ಕಂಠಮಟ್ಟ ತುಂಬಬಾರದು. ನೀರು ಮಂಜಾಗುವಾಗ ಸುಮಾರು ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ. ತರಗತಿಯಲ್ಲಿ ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಮನೆಯಲ್ಲಿ ಒಂದು ಗಾಜಿನ ಭರಣಿ ಸೀಳಿದ ಮೇಲೇ ನನಗೆ ಅದು ಅರ್ಥವಾದದ್ದು. ಈಗ ಮೇಲೆ ಒಂದು ಬೆರಳು ಜಾಗ ಬಿಡುತ್ತೇನೆ.

ಡಬ್ಬಿಯ ಆಳವೂ ಮುಖ್ಯ. ನನ್ನ ತಂಗಿಯ ಮಗ ಕರಾವಳಿಯ ಒಂದು ಸಿಗಡಿ ಕಾರ್ಖಾನೆಯಲ್ಲಿದ್ದಾನೆ. ಅಲ್ಲಿ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಗಾಳಿ ಬೀಸುವ ಯಂತ್ರದೊಳಗೆ ಸಿಗಡಿಗಳು ಬೆಲ್ಟಿನ ಮೇಲೆ ಸಾಗುತ್ತವೆ. ಈ ಬದಿಯಿಂದ ಒಳಹೋದದ್ದು ಕೆಲವೇ ನಿಮಿಷಗಳಲ್ಲಿ ಆ ಬದಿಯಲ್ಲಿ ಕಲ್ಲಾಗಿ, ಬಿಡಿಬಿಡಿಯಾಗಿ ಉದುರುತ್ತದೆ. ಬೇಗ ಗಟ್ಟಿಯಾದರೆ ಮಂಜಿನ ಹರಳು ಚಿಕ್ಕದು. ನಿಧಾನವಾದರೆ ಹರಳು ದೊಡ್ಡದಾಗಿ, ಚೂಪಾಗಿ ಬೆಳೆದು ಮಾಂಸದ ಕೋಶಗಳನ್ನು ಹರಿಯುತ್ತದೆ. ಕರಗಿಸಿದಾಗ ಆ ಹರಿದ ಜಾಗದಿಂದಲೇ ರಸ ಸೋರುವುದು. 1910ರ ದಶಕದಲ್ಲಿ ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ ಲ್ಯಾಬ್ರಡಾರ್ ಎಂಬ ಹಿಮದ ನಾಡಿನಲ್ಲಿದ್ದಾಗ, ಅಲ್ಲಿನ ಇನ್ಯೂಟ್ ಜನ ಹಿಡಿದ ಮೀನು ಕೊರೆಯುವ ಗಾಳಿಗೆ ನೋಡನೋಡುತ್ತಲೇ ಸೆಟೆದುಕೊಳ್ಳುವುದನ್ನೂ, ಎಷ್ಟೋ ದಿನದ ಮೇಲೆ ಬೇಯಿಸಿದರೂ ಹೊಸ ಮೀನಿನಂತೆಯೇ ಇರುವುದನ್ನೂ ಕಂಡ. ಇವತ್ತಿನ ಶೀಘ್ರ ಘನೀಕರಣದ ಉದ್ಯಮ ಅಲ್ಲಿಂದ ಬೆಳೆಯಿತು. ನಮ್ಮ ಮನೆಯ ಫ್ರೀಜರಿಗೆ ಆ ಶಕ್ತಿ ಇಲ್ಲ. ಒಂದು ಕಿಲೋದ ಗುಂಡು ಡಬ್ಬಿ ಇಟ್ಟರೆ ನಡುಭಾಗ ಗಟ್ಟಿಯಾಗುವಷ್ಟರಲ್ಲಿ ಬೆಳಗಾಗುತ್ತದೆ. ಆದ್ದರಿಂದ ಎರಡು ಬೆರಳಿಗಿಂತ ಎತ್ತರವಿಲ್ಲದ ಚಪ್ಪಟೆ ಡಬ್ಬಿಗಳು, ಅಡಿಯಲ್ಲಿ ಒಂದು ಅಲ್ಯೂಮಿನಿಯಂ ತಟ್ಟೆ. ಒಂದೇ ದಿನ ಎಲ್ಲವನ್ನೂ ತುರುಕದೆ ನಾಲ್ಕು ನಾಲ್ಕು ಡಬ್ಬಿಯಂತೆ ಇಡುತ್ತೇನೆ.

ಒಂದು ಮಾತು ನಕ್ಷತ್ರದ ಬಗ್ಗೆ. ಫ್ರಿಜ್ಜಿನ ಮೇಲೆ ಐದು ನಕ್ಷತ್ರದ ಚೀಟಿ ನೋಡಿ ಇದು ಭಾರಿ ತಂಪು ಅಂದುಕೊಳ್ಳುವವರಿದ್ದಾರೆ. ಆ ನಕ್ಷತ್ರ ಕರೆಂಟಿನ ಉಳಿತಾಯದ್ದು. ತಂಪಿನ ನಕ್ಷತ್ರವೇ ಬೇರೆ, ಕೆಲವು ಫ್ರೀಜರಿನ ಬಾಗಿಲ ಮೇಲೆ ಅಚ್ಚಾಗಿರುತ್ತದೆ: ಒಂದಿದ್ದರೆ ಮೈನಸ್ 6, ಎರಡಿದ್ದರೆ ಮೈನಸ್ 12, ಮೂರಿದ್ದರೆ ಮೈನಸ್ 18 ಡಿಗ್ರಿ. ತಿಂಗಳುಗಟ್ಟಲೆ ಇಡುವುದಾದರೆ ಮೈನಸ್ 18 ಬೇಕು. ಐಸ್‌ಕ್ರೀಮ್ ಚಮಚಕ್ಕೆ ಮೆತ್ತಗೆ ಸಿಗುವ ಫ್ರೀಜರಿನಲ್ಲಿ ಬಳಚನ್ನು ವಾರದೊಳಗೆ ಮುಗಿಸಿ.

ಸಿಗಡಿಯ ದಾರಿ ಬೇರೆ. ಅದನ್ನು ಬೇಯಿಸದೆಯೇ ಇಡಬಹುದು. ತಲೆ ಮಾತ್ರ ಆವತ್ತೇ ಕಿತ್ತುಬಿಡಿ. ಸಿಗಡಿಯ ಜೀರ್ಣಾಂಗ ಇರುವುದು ತಲೆಯ ಭಾಗದಲ್ಲೇ, ಸತ್ತ ಮೇಲೆ ಅಲ್ಲಿಯ ಕಿಣ್ವಗಳು ಪಕ್ಕದ ಮಾಂಸವನ್ನೇ ಕರಗಿಸಲು ಹೊರಡುತ್ತವೆ. ಸಿಪ್ಪೆಯ ಅಂಚು ಕಪ್ಪಾಗುವುದೂ ಕಿಣ್ವದ ಕೆಲಸವೇ. ಹೆಚ್ಚಿದ ಬದನೆಕಾಯಿ ಗಾಳಿಗೆ ಕಪ್ಪಾಗುತ್ತದಲ್ಲ, ಅದೇ ಜಾತಿಯದು. ಕಪ್ಪಾದ ಮಾತ್ರಕ್ಕೆ ಕೆಟ್ಟಿತೆಂದಲ್ಲ, ಆದರೆ ಹಳತಾಗುತ್ತಿದೆ ಎಂಬ ಸೂಚನೆ. ಮೈಸಿಪ್ಪೆ ಇರಲಿ, ಅದು ಒಣಗದಂತೆ ಕಾಯುತ್ತದೆ. ಡಬ್ಬಿಗೆ ತುಂಬಿ ಮುಳುಗುವಷ್ಟು ತಣ್ಣೀರು ಹಾಕಿ ಇಟ್ಟರೆ ಮೂರು ತಿಂಗಳಿಗೆ ಮೋಸವಿಲ್ಲ. ಕಾರ್ಖಾನೆಯವರು ಒಂದೊಂದು ಸಿಗಡಿಗೂ ತೆಳ್ಳಗೆ ಮಂಜಿನ ಅಂಗಿ ತೊಡಿಸುತ್ತಾರೆ, ನಾವು ಎಲ್ಲಕ್ಕೂ ಸೇರಿಸಿ ಒಂದೇ ಕಂಬಳಿ ಹೊದಿಸುತ್ತೇವೆ ಅಷ್ಟೇ.

ಏಡಿಯನ್ನು ಮಾತ್ರ ಹಸಿಯಾಗಿ ಇಡಲೇಬೇಡಿ. ಅದರ ಹೊಟ್ಟೆಯ ಕಿಣ್ವಗಳು ಇನ್ನೂ ಜೋರು. ಕರಗಿಸಿದಾಗ ಮಾಂಸ ಹಿಟ್ಟಿನ ಹಾಗೆ ಚಿಪ್ಪಿಗೆ ಅಂಟಿಕೊಂಡಿರುತ್ತದೆ. ಜೀವಂತ ತಂದು, ಉಪ್ಪುನೀರಿನಲ್ಲಿ ಬೇಯಿಸಿ, ಆರಿಸಿ, ಬಿಗಿಯಾಗಿ ಸುತ್ತಿ ಇಟ್ಟರೆ ಎರಡು ತಿಂಗಳು. ನಿಜ ಹೇಳಬೇಕೆಂದರೆ ನನಗೆ ಮಂಜಾದ ಏಡಿ ಸೇರುವುದಿಲ್ಲ. ಏಡಿಯನ್ನು ಊರಿಗೆ ಹೋಗಿಯೇ ತಿನ್ನಬೇಕು.

ಬಳಚು ನಮ್ಮಲ್ಲಿ ಮೂರು ತಿಂಗಳು ದಾಟುವುದಿಲ್ಲ, ದಾಟಿಸಲೂಬಾರದು. ಮೇಲೆ ಚೀಟಿ ಅಂಟಿಸಿ ತಾರೀಖು ಬರೆಯುತ್ತೇನೆ. ಮಂಜುಗಟ್ಟಿದ ಮೇಲೆ ಬಳಚೂ ತೆಂಗಿನ ಹಾಲೂ ಒಂದೇ ಥರ ಕಾಣುತ್ತವೆ. ಒಮ್ಮೆ ಪಾಯಸಕ್ಕೆಂದು ತೆಗೆದು ಪೇಚಿಗೆ ಸಿಕ್ಕಿದ್ದೇನೆ.

ಚೀಟಿಯ ಜತೆ ಒಂದು ರೂಪಾಯಿಯ ನಾಣ್ಯವೂ ಇದೆ. ಒಂದು ಬಟ್ಟಲು ನೀರನ್ನು ಮಂಜು ಮಾಡಿ, ಅದರ ಮೇಲೆ ನಾಣ್ಯ ಇಟ್ಟು ಫ್ರೀಜರಿನಲ್ಲೇ ಬಿಟ್ಟಿರುತ್ತೇನೆ. ಒಂದು ಮೇ ತಿಂಗಳು ಮದುವೆಗೆಂದು ನಾಲ್ಕು ದಿನ ಹೋಗಿ ಬಂದೆ. ಫ್ರೀಜರ್ ತೆರೆದರೆ ಎಲ್ಲವೂ ಕಲ್ಲಿನಂತೆ ಗಟ್ಟಿ, ಯಾವ ಅನುಮಾನವೂ ಇಲ್ಲ. ನಾಣ್ಯ ಮಾತ್ರ ಬಟ್ಟಲಿನ ತಳದಲ್ಲಿ, ಮಂಜಿನಡಿ ಹೂತಿತ್ತು. ನಾವಿಲ್ಲದಾಗ ಕರೆಂಟು ಹೋಗಿ, ಎಲ್ಲ ನೀರಾಗಿ, ಮತ್ತೆ ಗಟ್ಟಿಯಾಗಿತ್ತು. ಪಕ್ಕದವರನ್ನು ಕೇಳಿದರೆ, "ಹೌದ್ರಿ, ಗುಡುಗು ಮಳಿ ಆದ ದಿವಸ ಹೋಗಿದ್ದು ಮರುದಿವಸ ರಾತ್ರಿ ಬಂತು" ಅಂದರು. ಆರು ಡಬ್ಬಿ ಬಳಚು ತೆಂಗಿನ ಬುಡಕ್ಕೆ. ಆ ತೆಂಗು ನಮ್ಮ ಮನೆಯಲ್ಲಿ ನನಗಿಂತ ಹೆಚ್ಚು ಬಳಚು ತಿಂದಿದೆ. ಕರೆಂಟು ಹೋದಾಗ ಬಾಗಿಲು ತೆರೆಯದಿದ್ದರೆ, ತುಂಬಿದ ದೊಡ್ಡ ಫ್ರೀಜರ್ ಎರಡು ದಿನದವರೆಗೂ, ಅರ್ಧ ತುಂಬಿದ್ದು ಒಂದು ದಿನವೂ ತಡೆದೀತು. ಒಂದು ಬಾಗಿಲಿನ ಫ್ರಿಜ್ಜಿನ ಪುಟ್ಟ ಗೂಡಿಗೆ ಅಷ್ಟು ತಾಳ್ಮೆ ಇಲ್ಲ.

ಇನ್ನೊಂದು ಸಂಗತಿ ಹೇಳದೆ ಬಿಡುವಂತಿಲ್ಲ. ಕೆಲವು ಕಾಲದಲ್ಲಿ ನೀರಿನಲ್ಲಿ ವಿಷದ ಪಾಚಿ ಹೆಚ್ಚುತ್ತದೆ, ಅದನ್ನು ಸೋಸಿ ತಿಂದ ಚಿಪ್ಪಿನ ಜೀವಿಗಳಲ್ಲಿ ಆ ವಿಷ ಸೇರಿಕೊಳ್ಳುತ್ತದೆ. ಜೀವಿಗೆ ಏನೂ ಆಗಿರುವುದಿಲ್ಲ, ತಟ್ಟಿದರೆ ಗಟ್ಟಿ ಸದ್ದೇ ಬರುತ್ತದೆ. 1983ರಲ್ಲಿ ಮಂಗಳೂರಿನ ಆಸುಪಾಸಿನಲ್ಲಿ ಇಂಥ ವಿಷಬಾಧೆಯಾದದ್ದು ದಾಖಲಾಗಿದೆ. ಕುದಿಸಿದರೂ, ಮಂಜು ಮಾಡಿದರೂ ಈ ವಿಷ ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ತುಟಿ, ನಾಲಿಗೆ ಜುಮುಗುಟ್ಟಿ ಮರಗಟ್ಟಿದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಓಡಬೇಕು. ಹೊಳೆಯವರೇ ತೆಗೆಯುವುದನ್ನು ನಿಲ್ಲಿಸಿದ್ದಾರೆಂದರೆ ಅಂದು ಬೇರೆಲ್ಲೋ ಸಿಗುತ್ತದೆಂದು ಹುಡುಕಲು ಹೋಗಬೇಡಿ.

ಅಡಿಗೆಯ ದಿನ ಸಿಗಡಿಯಾದರೆ ಹಿಂದಿನ ರಾತ್ರಿ ಫ್ರೀಜರಿನಿಂದ ಫ್ರಿಜ್ಜಿನ ಕೆಳಗಿಳಿಸಿ, ಅಲ್ಲೇ ಕರಗಲಿ. ಕಟ್ಟೆಯ ಮೇಲಿಟ್ಟರೆ ಒಳಗಿನದು ಕಲ್ಲಾಗಿರುವಾಗಲೇ ಹೊರಗಿನದು ಕೆಡಲು ಶುರು. ಕರಗಿದ್ದನ್ನು ಮತ್ತೆ ಫ್ರೀಜರಿಗೆ ಕಳಿಸಬೇಡಿ. ಬಳಚಿಗೆ ಇದ್ಯಾವ ಉಪಚಾರವೂ ಬೇಡ. ಡಬ್ಬಿಯನ್ನು ನಲ್ಲಿಯಡಿ ಒಂದು ನಿಮಿಷ ಹಿಡಿದು, ಮಂಜಿನ ಹಲಗೆಯನ್ನು ಹಾಗೇ ಬಾಣಲೆಗೆ ಜಾರಿಸುತ್ತೇನೆ. ಕರಗಿ ಚೆನ್ನಾಗಿ ಕುದಿ ಬಂದ ಮೇಲೆ ಹುರಿದ ಕೊತ್ತಂಬರಿ, ಮೆಣಸು, ಬೆಳ್ಳುಳ್ಳಿಯ ಮಸಾಲೆ, ನೀರು ಇಂಗುತ್ತ ಬಂದಾಗ ಕಾಯಿತುರಿ. ಉಪ್ಪು ಕೊನೆಗೆ, ರುಚಿ ನೋಡಿ. ಆ ನೀರಿನಲ್ಲೇ ಬೇಕಾದಷ್ಟು ಇರುತ್ತದೆ. ಮಸಾಲೆ ಹಾಕಿಯೇ ಫ್ರೀಜರಿನಲ್ಲಿಡುವವರನ್ನು ಕಂಡಿದ್ದೇನೆ. ಇಡಬಹುದು, ಆದರೆ ಕಾಯಿತುರಿ ಹಿಂಡಿದ ಹಿಪ್ಪೆಯ ಹಾಗಾಗುತ್ತದೆ.

ಹೋದ ಜುಲೈನಲ್ಲಿ ಚಿಕ್ಕಿ ಕಣ್ಣಿನ ಡಾಕ್ಟರಿಗೆ ತೋರಿಸಲು ಧಾರವಾಡಕ್ಕೆ ಬಂದಿದ್ದಳು. ಹೊರಗೆ ಜಿಟಿಜಿಟಿ ಮಳೆ. ಏಪ್ರಿಲ್ 28 ಎಂದು ಬರೆದಿದ್ದ ಕೊನೆಯ ಡಬ್ಬಿ ತೆಗೆದು ಸುಕ್ಕ ಮಾಡಿ, ಕುಚ್ಚಲಕ್ಕಿ ಅನ್ನದ ಜತೆ ಬಡಿಸಿದೆ. ಮೂವತ್ತು ವರ್ಷದ ಹಿಂದೆ ಬೈಸಿಕೊಂಡವಳು ನಾನು. ಅವಳ ಮುಖವನ್ನೇ ನೋಡುತ್ತ ಕೂತೆ. ಒಂದು ತುತ್ತು ತಿಂದಳು. ಇನ್ನೊಂದು ತಿಂದಳು. ಮತ್ತೆ ಹಾಕಿಸಿಕೊಂಡಳು. ಕೈ ತೊಳೆಯಲು ಏಳುವ ಮೊದಲು ಬಟ್ಟಲಿನ ಸುತ್ತ ಒಮ್ಮೆ ಕಣ್ಣಾಡಿಸಿದಳು, ಏನೋ ಕಳೆದುಹೋದವರ ಹಾಗೆ.

"ಎಂತಾ ಚಿಕ್ಕಿ? ರುಚಿ ಕೆಟ್ಟಿದ್ಯಾ?"

"ರುಚಿ ಅಡ್ಡಿಲ್ಲ. ಚಿಪ್ಪೇ ಇಲ್ಲ ಅಲ್ಲೇ ಮಾರಾಯ್ತಿ. ಎಷ್ಟು ತಿಂದೆ ಹೇಳಿ ಲೆಕ್ಕ ಸಿಕ್ಕೂದು ಹ್ಯಾಂಗೆ?"